ಗಡ್ಡೆಗೆ ಕಣ್ಣಿದೆಯೇ ನೋಡಿ: ಹೂದೋಟದ ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಸಾಲಿನವು: "ಗಿಡ ಹೂ ಬಿಡುತ್ತಿಲ್ಲ, ಏನು ಹಾಕಲಿ?" ಊರು ಯಾವುದು, ಗಿಡ ಮನೆಯ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ನೀರು ಬಾವಿಯದೋ ಬೋರಿನದೋ, ಒಂದೂ ಇಲ್ಲ. ಸಾಗರದ ಕಡೆಯ ಹಳ್ಳಿಯಲ್ಲಿ ಕೂತ ನಾನು ಏನೆಂದು ಹೇಳಲಿ? ಆರಿದ್ರಾ ಮಳೆಗೆ ನಮ್ಮ ಅಂಗಳ ಪಾಚಿ ಕಟ್ಟಿ ಜಾರುವ ಹೊತ್ತಿಗೆ ರಾಯಚೂರಿನಲ್ಲಿ ಇನ್ನೂ ಮೋಡ ನೋಡುತ್ತ ಕೂತಿರುತ್ತಾರೆ. ಎರಡೂ ಕಡೆಗೆ ಒಂದೇ ಉತ್ತರ ಕೊಟ್ಟರೆ ಒಂದು ಕಡೆಯ ಗಿಡ ಸಾಯುವುದು ಖಂಡಿತ. ಏನು ಹಾಕಲಿ ಎಂದು ಕೇಳುವ ಮುಂಚೆ ಎಲ್ಲಿ ಇಟ್ಟಿದ್ದೀರಿ ಎಂದು ಬರೆಯಿರಿ. ಹಾಗೆ ವಿವರವಾಗಿ ಬರೆದವರಿಗೇ ಈ ಸಲ ಮೊದಲ ಮಣೆ.

ಪ್ರಶ್ನೆ: ಅಕ್ಕಾ, ಶಿರಸಿಯ ನಮ್ಮ ದೊಡ್ಡಮ್ಮನ ಮನೆಯಿಂದ ಹೋದ ವರ್ಷ ಒಂದು ಚೀಲ ಡೇರೆ ಗಡ್ಡೆ ತಂದಿದ್ದೆ. ಒಳ್ಳೇ ದಪ್ಪ ಗಡ್ಡೆಗಳು. ಅರ್ಧ ಹುಟ್ಟಲೇ ಇಲ್ಲ. ಹುಟ್ಟಿದ್ದು ಎದೆಮಟ್ಟ ಬೆಳೆದು, ಮೊಗ್ಗು ಬಿಟ್ಟು, ಒಂದು ಗಾಳಿಮಳೆಗೆ ಮುರಿದು ಮಲಗಿತು. ಈ ಸಲವೂ ದೊಡ್ಡಮ್ಮ ಕೊಟ್ಟು ಕಳಿಸಿದ್ದಾರೆ. ಮನೆ ಮುಂದೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲಿದೆ. ಬೆಂಗಳೂರಿಗೆ ಡೇರೆ ಒಗ್ಗುವುದಿಲ್ಲವೇ?
ಓದುಗರು, ರಾಜಾಜಿನಗರ, ಬೆಂಗಳೂರು

ಒಗ್ಗುತ್ತದೆ. ನರ್ಸರಿಯವರು ಡೇಲಿಯಾ ಎಂದು ಮಾರುವ ಈ ಗಿಡದ ತವರು ಮೆಕ್ಸಿಕೋದ ಬೆಟ್ಟಗಳು. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂ. ಅಲ್ಲಿ ಬೇಸಿಗೆಯಲ್ಲೇ ಮಳೆ, ರಾತ್ರಿ ತಂಪು, ಚಳಿಗಾಲ ಒಣ. ನಮ್ಮ ಮಲೆನಾಡಿನ ಹೆಂಗಸರ ಕೈಗೆ ಇದು ಇಷ್ಟು ಸಲೀಸಾಗಿ ಒಗ್ಗಿದ್ದು ಅದಕ್ಕೇ. ಬೆಂಗಳೂರಿನ ಹವೆಯೂ ಅದಕ್ಕೆ ಹಿತವೇ. ಅರ್ಧ ದಿನದ ಬಿಸಿಲು ನಿಮ್ಮಲ್ಲಿದೆ, ಮಳೆ ನಮ್ಮಷ್ಟಿಲ್ಲ. ನಿಜ ಹೇಳಬೇಕೆಂದರೆ ಡೇರೆಗೆ ನಮ್ಮ ಊರಿಗಿಂತ ನಿಮ್ಮ ಊರೇ ಸಲೀಸು.

ಮೊದಲು ಗಡ್ಡೆಯ ವಿಷಯ. ದಪ್ಪಗಿದ್ದರೆ ಹುಟ್ಟುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಡೇರೆ ಗಡ್ಡೆಗೆ ಆಲೂಗಡ್ಡೆಯಂತೆ ಮೈತುಂಬ ಕಣ್ಣಿರುವುದಿಲ್ಲ. ಕಣ್ಣಿರುವುದು ಹಳೆಯ ಕಾಂಡದ ಬುಡದಲ್ಲಿ, ಗಡ್ಡೆಯ ಕತ್ತು ಕಾಂಡಕ್ಕೆ ಸೇರುವ ಜಾಗದಲ್ಲಿ ಮಾತ್ರ. ಗೊಂಚಲಿನಿಂದ ಗಡ್ಡೆ ಕಿತ್ತುಕೊಳ್ಳುವಾಗ ಆ ಬುಡದ ಚೂರು ಜೊತೆಗೆ ಬಾರದಿದ್ದರೆ ಅದು ಬರೀ ಗಡ್ಡೆ. ಬೇರು ಬಿಟ್ಟರೂ ಬಿಟ್ಟೀತು, ಚಿಗುರಂತೂ ಬರುವುದಿಲ್ಲ. ಕತ್ತು ಮುರಿದು ಜೋಲಾಡುತ್ತಿದ್ದರೂ ಅಷ್ಟೇ. ನಿಮ್ಮ ಚೀಲದ ಅರ್ಧ ಗಡ್ಡೆಗಳ ಕಥೆ ಇದೇ ಇರಬೇಕು.

ಈಗ ತಂದದ್ದನ್ನು ಒಂದು ಬುಟ್ಟಿಯಲ್ಲಿ ಒದ್ದೆ ಮರಳು ಹಾಕಿ, ಕಾಂಡದ ಕಡೆ ಮೇಲೆ ಬರುವಂತೆ ಹುಗಿದು ನೆರಳಲ್ಲಿಡಿ. ಕತ್ತು ಮುಚ್ಚುವಷ್ಟು ಮರಳು ಸಾಕು. ನೀರು ಚಿಮುಕಿಸಿ, ಸುರಿಯಬೇಡಿ. ಎರಡು ಮೂರು ವಾರದಲ್ಲಿ ಕಣ್ಣು ಒಡೆದದ್ದು ಯಾವುದು, ಒಡೆಯದ್ದು ಯಾವುದು ಗೊತ್ತಾಗುತ್ತದೆ. ಒಂದೇ ಗೊಂಚಲಲ್ಲಿ ನಾಲ್ಕೈದು ಚಿಗುರು ಬಂದರೆ ಗೇಣುದ್ದಕ್ಕೂ ಕಮ್ಮಿ ಇರುವಾಗಲೇ ಬುಡದ ಒಂದು ಚೂರು ಸೇರಿಸಿ ಬ್ಲೇಡಿನಿಂದ ಬಿಡಿಸಿಕೊಳ್ಳಿ. ನಮ್ಮ ಕಡೆ ಹೆಂಗಸರು ಮದುವೆ ಮುಂಜಿಗೆ ಹೋದವರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ತರುವ ಹಿಳ್ಳು ಎಂದರೆ ಇದೇ. ಗಡ್ಡೆಯೇ ಬೇಕೆಂದಿಲ್ಲ. ಹಿಳ್ಳಿನಿಂದ ಎದ್ದ ಗಿಡವೂ ವರ್ಷದ ಕೊನೆಗೆ ತನ್ನ ಗಡ್ಡೆ ತಾನೇ ಕಟ್ಟಿಕೊಳ್ಳುತ್ತದೆ.

ನೆಡಲು ನಿಮ್ಮಲ್ಲಿ ಜೂನ್ ಕೊನೆಯಿಂದ ಆಗಸ್ಟ್ ತನಕ ಹೊತ್ತಿದೆ. ಕೆಂಪು ಮಣ್ಣು, ಮರಳು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ. ಹಸಿ ಸಗಣಿ ಬೇಡ, ಗಡ್ಡೆ ಕೊಳೆಯುತ್ತದೆ. ಯೂರಿಯಾ ಮುಟ್ಟಬೇಡಿ, ಸೊಪ್ಪು ಬೆಳೆಸಿ ಕೂರಿಸುತ್ತದೆ. ಮೊಗ್ಗು ಕಟ್ಟುವ ಹೊತ್ತಿಗೆ ಶೇಂಗಾ ಹಿಂಡಿ ನೆನೆಸಿದ ನೀರನ್ನು ಹತ್ತು ಪಾಲು ತೆಳು ಮಾಡಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಟ್ಟರೆ ಸಾಕು. ವಾಸನೆಗೆ ಪಕ್ಕದ ಮನೆಯವರು ಏನಾದರೂ ಅಂದರೆ ಮೊದಲ ಹೂ ಅವರಿಗೇ ಕೊಟ್ಟುಬಿಡಿ.

ಗಾಳಿಗೆ ಮುರಿದದ್ದಕ್ಕೆ ಬರುತ್ತೇನೆ. ಡೇರೆಯ ಕಾಂಡ ಪೊಳ್ಳು, ಹೂವಿನ ತಲೆ ಭಾರ. ಮಳೆಯಲ್ಲಿ ಎಸಳಿನ ನಡುವೆ ನೀರು ತುಂಬಿಕೊಂಡರೆ ಭಾರ ಇನ್ನೂ ಹೆಚ್ಚುತ್ತದೆ. ಗಿಡ ಬಗ್ಗಿದ ಮೇಲೆ ಕೋಲು ಹುಡುಕಿ ಪ್ರಯೋಜನವಿಲ್ಲ. ನೆಡುವ ದಿನವೇ ಕೋಲೂ ನೆಡಬೇಕು. ಆಮೇಲೆ ಹೊಡೆದರೆ ಅದು ಸರಿಯಾಗಿ ಗಡ್ಡೆಯ ಮೇಲೇ ಇಳಿಯುತ್ತದೆ. ನಮ್ಮಲ್ಲಿ ಅಡಿಕೆ ದಬ್ಬೆ ಸಿಗುತ್ತದೆ, ನಿಮ್ಮಲ್ಲಿ ಬಿದಿರ ಕೋಲೋ ಹಳೆಯ ಪೈಪೋ ಆದೀತು. ಗಿಡ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿ ಚಿವುಟಿ. ಕುಳ್ಳಾಗಿ ಕವಲೊಡೆದು ನಿಲ್ಲುತ್ತದೆ, ಹೂ ಮಧ್ಯಮ ಗಾತ್ರದವು ಬಹಳ ಬರುತ್ತವೆ. ತಟ್ಟೆಯಷ್ಟಗಲದ ಒಂದೇ ಹೂ ಬೇಕೆನ್ನುವವರು ಚಿವುಟದೆ ಒಂಟಿ ಕಾಂಡ ಬಿಟ್ಟು, ನಡುವಿನ ಮೊಗ್ಗು ಇಟ್ಟುಕೊಂಡು ಅಕ್ಕಪಕ್ಕದ ಎರಡನ್ನು ಕಡಲೆ ಗಾತ್ರಕ್ಕೇ ತೆಗೆದುಬಿಡುತ್ತಾರೆ. ನನಗೆ ಆ ಹಟ ಇಲ್ಲ. ಒಂದು ಗಿಡದಲ್ಲಿ ಒಂದು ಹೂ ನೋಡಿ ಮೆಚ್ಚಲು ಮನೆಗೆ ಬರುವವರೂ ಬೇಕಲ್ಲ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಹೂ ಮುಗಿದ ಕಾಂಡವನ್ನು ಮಳೆಗಾಲದಲ್ಲಿ ಅರ್ಧಕ್ಕೆ ಕತ್ತರಿಸಿದರೆ ಆ ಪೊಳ್ಳಿನಲ್ಲಿ ನೀರು ನಿಂತು ಕೆಳಗಿಳಿದು ಬುಡವನ್ನೇ ಕೊಳೆಸುತ್ತದೆ. ಗಿಣ್ಣಿನ ಮೇಲ್ಗಡೆಗೆ ಕತ್ತರಿಸಿ, ಪೊಳ್ಳು ಕಂಡರೆ ಒಂದು ಚೂರು ಪ್ಲಾಸ್ಟಿಕ್ ಟೊಪ್ಪಿ ಕಟ್ಟಿ. ದೀಪಾವಳಿ ಕಳೆದು ಎಲೆ ಒಣಗಲು ಶುರುವಾದ ಮೇಲೆ ನೀರು ನಿಲ್ಲಿಸಿ. ಕುಂಡದಲ್ಲಿದ್ದರೆ ಕುಂಡವನ್ನೇ ಹಾಗೇ ಸೂರಿನಡಿ ಸರಿಸಿ, ಕೀಳುವ ಗೋಜೇ ಬೇಡ. ನೆಲದಲ್ಲಿದ್ದರೆ ಗೊಂಚಲನ್ನು ಒಡೆಯದೆ, ತೊಳೆಯದೆ ಎತ್ತಿ, ನೆರಳಲ್ಲಿ ನಾಲ್ಕು ದಿನ ಆರಿಸಿ ಒಣ ಮರಳಲ್ಲಿ ಹುಗಿದಿಡಿ. ಹೆಗ್ಗಣದ ಕಾಟ ಇದ್ದರೆ ಮೇಲೊಂದು ಜಾಲರಿ. ಎಲೆಯಲ್ಲಿ ಹಳದಿ ಮಚ್ಚೆ ಕಂಡು ಗಿಡ ಗಿಡ್ಡಗೆ ಮುರುಟಿದ್ದರೆ ಅದು ವೈರಸ್ಸು. ಅದರ ಗಡ್ಡೆ ಎಷ್ಟೇ ಚೆಂದದ ಬಣ್ಣದ್ದಾದರೂ ಸುಟ್ಟುಹಾಕಿ, ಯಾರಿಗೂ ದಾನ ಮಾಡಬೇಡಿ. ಚೆನ್ನಾಗಿರುವುದನ್ನು ಮಾತ್ರ ಧಾರಾಳವಾಗಿ ಹಂಚಿ. ನಿಮ್ಮದು ಒಂದು ವರ್ಷ ಕೊಳೆತುಹೋದರೆ ಕೊಟ್ಟವರ ಮನೆಯಿಂದ ವಾಪಸು ತರಬಹುದು. ನಿಮ್ಮ ದೊಡ್ಡಮ್ಮ ಚೀಲಗಟ್ಟಲೆ ಕೊಡುವುದರಲ್ಲಿ ಆ ಲೆಕ್ಕಾಚಾರವೂ ಇದೆ ಎಂದು ನನ್ನ ಗುಮಾನಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಡೇರೆ ಚಿಗುರನ್ನು ರಾತ್ರಿ ಬೆಳಗಾಗುವುದರೊಳಗೆ ಬಸವನಹುಳು ಬೋಳಿಸುತ್ತದೆ. ಬೂದಿ ಹಾಕಿದರೂ ನಿಲ್ಲುತ್ತಿಲ್ಲ.

ಪುನರ್ವಸು ಮಳೆಯಲ್ಲಿ ಬೂದಿ ಎಷ್ಟು ಹೊತ್ತು ಬೂದಿಯಾಗಿ ಉಳಿದೀತು? ಉಪ್ಪು ಸುರಿಯುವವರಿದ್ದಾರೆ, ಅದು ಹುಳುವಿನ ಜೊತೆ ಗಿಡವನ್ನೂ ಕೊಲ್ಲುತ್ತದೆ. ಸಂಜೆ ಪಪ್ಪಾಯಿ ಎಲೆಯನ್ನೋ ಒದ್ದೆ ಗೋಣಿಯನ್ನೋ ಗಿಡದ ಸಾಲಿನ ಪಕ್ಕ ಹಾಸಿಡಿ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಸಂತೆಯೇ ನೆರೆದಿರುತ್ತದೆ. ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ತೋಟದಿಂದ ದೂರ ಹುಗಿಯಿರಿ. ಊಟವಾದ ಮೇಲೆ ಟಾರ್ಚು ಹಿಡಿದು ಒಂದು ಸುತ್ತು ಹೋದರೆ ಇನ್ನೂ ಒಳ್ಳೆಯದು. ಆಫ್ರಿಕಾದ ದೊಡ್ಡ ಬಸವನಹುಳುವಾದರೆ ಬರಿಗೈಯಲ್ಲಿ ಮುಟ್ಟಬೇಡಿ, ರೋಗದ ಪರಾವಲಂಬಿ ಹುಳುಗಳನ್ನು ಹೊತ್ತಿರುತ್ತದೆ.

ಪ್ರಶ್ನೆ: ಮೇಡಂ, ಒಂದೇ ತಾಯಿಗಿಡದ ಸೇವಂತಿಗೆ ಕಡ್ಡಿಗಳನ್ನು ನಾನೂ ಹಿಂದಿನ ಬೀದಿಯ ನನ್ನ ಅಕ್ಕನೂ ಒಂದೇ ದಿನ ನೆಟ್ಟೆವು. ಅವಳದು ನವೆಂಬರಿನಲ್ಲಿ ಹಳದಿ ಹಾಸಿತು. ನನ್ನದು ಸೊಂಟದೆತ್ತರ ಬೆಳೆದು ಹಸಿರಾಗಿ ನಿಂತಿದೆ, ಮೊಗ್ಗೇ ಇಲ್ಲ. ಗೊಬ್ಬರ ಅವಳಿಗಿಂತ ಹೆಚ್ಚೇ ಹಾಕಿದ್ದೇನೆ. ಗಿಡ ಗೇಟಿನ ಪಕ್ಕ ಇದೆ, ಎದುರಿಗೆ ಕರೆಂಟ್ ಕಂಬ.
ಓದುಗರು, ದಾವಣಗೆರೆ

ಕೊನೆಯ ಸಾಲು ಬರೆದಿರಲ್ಲ, ಅದಕ್ಕೆ ನಿಮಗೆ ನಮಸ್ಕಾರ. ಆ ಕಂಬದ ದೀಪವೇ ಕಾರಣ.

ಸೇವಂತಿಗೆ ರಾತ್ರಿ ಎಣಿಸುವ ಗಿಡ. ರಾತ್ರಿ ಸಾಕಷ್ಟು ಉದ್ದವಾಯಿತು ಎಂದು ಎಲೆಗೆ ಗೊತ್ತಾದ ಮೇಲೇ ತುದಿಯಲ್ಲಿ ಮೊಗ್ಗು ಕೂರುವುದು. ನಮ್ಮ ನಾಡಿನಲ್ಲಿ ಜೂನ್ 21ರ ಹೊತ್ತಿಗೆ ಹಗಲು ಸುಮಾರು 13 ಗಂಟೆ ಇರುತ್ತದೆ, ಡಿಸೆಂಬರ್ 21ರ ಹೊತ್ತಿಗೆ ಹನ್ನೊಂದೂಕಾಲರ ಆಸುಪಾಸಿಗೆ ಇಳಿಯುತ್ತದೆ. ನಮಗೆ ದೊಡ್ಡದೆನಿಸದ ಈ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ ಸೇವಂತಿಗೆಗೆ ಬೇಕಾದಷ್ಟಾಯಿತು. ನಿಮ್ಮ ಗೇಟಿನ ಬಳಿ ಬೆಳಗಾಗುವವರೆಗೂ ದೀಪ ಉರಿಯುತ್ತದೆ, ಅಂದರೆ ಅದಕ್ಕೆ ರಾತ್ರಿಯೇ ಆಗುತ್ತಿಲ್ಲ. ಇನ್ನೂ ಜೂನ್ ತಿಂಗಳೇ ಎಂದುಕೊಂಡು ಬೆಳೆಯುತ್ತಿದೆ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಾಕು, ಎಣಿಕೆ ತಪ್ಪುತ್ತದೆ.

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ಜಾತ್ರೆಯಲ್ಲ, ಸೇವಂತಿಗೆ ಹೊಲ. ಮಾರುಕಟ್ಟೆಗೆ ಎಲ್ಲರ ಹೂ ಒಟ್ಟಿಗೆ ಬಂದು ಬೆಲೆ ಬೀಳದಿರಲಿ ಎಂದು ರೈತರು ಬೇಕೆಂದೇ ದೀಪ ಹಾಕಿ ಮೊಗ್ಗನ್ನು ತಡೆದು, ಗಿಡ ಸಾಕಷ್ಟು ಬೆಳೆದ ಮೇಲೆ ದೀಪ ಆರಿಸುತ್ತಾರೆ. ನಿಮಗೆ ಅದೇ ಸೌಕರ್ಯ ಮಹಾನಗರ ಪಾಲಿಕೆಯ ಕಡೆಯಿಂದ ಪುಕ್ಕಟೆ ಸಿಕ್ಕಿದೆ, ಆರಿಸುವ ಗುಂಡಿಯೊಂದು ನಿಮ್ಮ ಕೈಯಲ್ಲಿಲ್ಲ.

ಈ ವರ್ಷ ಹೀಗೆ ಮಾಡಿ. ಹಳೆಯ ಗಿಡದ ಬುಡದಲ್ಲಿ ಬಂದ ಎಳೆಯ ಕಂದುಗಳನ್ನು ಜೂನ್ ಜುಲೈನಲ್ಲಿ ಬೇರೆ ಮಾಡಿ ಕುಂಡಕ್ಕೆ ಹಾಕಿ. ಆಗಸ್ಟ್ ಮುಗಿಯುವುದರೊಳಗೆ ಒಂದೆರಡು ಸಲ ತುದಿ ಚಿವುಟಿ, ಆಮೇಲೆ ಕೈ ಹಚ್ಚಬೇಡಿ. ಸೆಪ್ಟೆಂಬರಿನಲ್ಲಿ ಕುಂಡಗಳನ್ನು ಹಿತ್ತಲಿಗೆ ಸಾಗಿಸಿ. ಹಿತ್ತಲಿಲ್ಲದಿದ್ದರೆ ದೀಪ ಹತ್ತುವ ಹೊತ್ತಿಗೆ ದೊಡ್ಡ ಕಪ್ಪು ಬಟ್ಟೆಯೊಂದನ್ನು ಕೋಲಿನ ಮೇಲೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಮೊಗ್ಗು ಬಣ್ಣ ಕಾಣುವವರೆಗೆ ಒಂದು ದಿನವೂ ತಪ್ಪಿಸದೆ ಮಾಡಬೇಕು. ಅಕ್ಕನ ಮನೆಗೇ ಕುಂಡ ಕಳಿಸಿ ಹೂ ಬಂದ ಮೇಲೆ ತರುವುದು ಇದಕ್ಕಿಂತ ಸುಲಭ. ಡಿಸೆಂಬರಿನಲ್ಲಿ ಕೆಂಪೆಲೆ ಬಿಡುವ ಪಾಯಿನ್‌ಸೆಟಿಯಾ, ಕಲಾಂಚೊ ಇವುಗಳದ್ದೂ ಇದೇ ಸ್ವಭಾವ. ವರಾಂಡದ ಟ್ಯೂಬ್‌ಲೈಟ್ ಅಡಿಯಲ್ಲಿಟ್ಟು ಯಾಕೆ ಕೆಂಪಾಗಲಿಲ್ಲ ಎಂದು ಪತ್ರ ಬರೆದ ಇಬ್ಬರಿಗೂ ಇದೇ ಉತ್ತರ.

ಪ್ರಶ್ನೆ: ಬೆಂಗಳೂರಿನ ನರ್ಸರಿಯಿಂದ ಗುಲಾಬಿ ಬಣ್ಣದ ಹೈಡ್ರೇಂಜಿಯ ತಂದು ಸಕಲೇಶಪುರದ ನಮ್ಮ ತೋಟದ ಮನೆ ಮುಂದೆ ನೆಟ್ಟೆವು. ಮರುವರ್ಷ ಹೂವೆಲ್ಲ ನೀಲಿ. ನರ್ಸರಿಯವರು ಮೋಸ ಮಾಡಿದರು ಎಂದು ಮನೆಯಲ್ಲಿ ಜಗಳ.

ಜಗಳ ನಿಲ್ಲಿಸಿ. ನರ್ಸರಿಯವರು ಕೊಟ್ಟದ್ದು ಗುಲಾಬಿಯದೇ, ನೀಲಿ ಮಾಡಿದ್ದು ನಿಮ್ಮ ಮಣ್ಣು. ಮಳೆ ಹೆಚ್ಚು ಬೀಳುವ ಘಟ್ಟದ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಅಂಶ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿನ ಬಣ್ಣದ ಜೊತೆ ಸೇರಿ ನೀಲಿಯಾಗುತ್ತದೆ. ಮಣ್ಣಿನ ಹುಳಿ ಅಳೆಯುವ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5ರ ಮೇಲೆ ಗುಲಾಬಿ, ನಡುವೆ ಇದ್ದರೆ ಎರಡೂ ಕಲಸಿದ ನೇರಳೆ. ಕಾಫಿ ತೋಟಕ್ಕೆ ಸುಣ್ಣ ಯಾಕೆ ಹಾಕಿಸುತ್ತೀರೋ ಅದೇ ಲೆಕ್ಕ ಇಲ್ಲಿಯೂ. ಗುಲಾಬಿಯೇ ಬೇಕೆಂದರೆ ಕುಂಡದಲ್ಲಿ ನೆಟ್ಟು, ಮಣ್ಣಿಗೆ ಕೃಷಿ ಸುಣ್ಣ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬನ್ನಿ. ಬಣ್ಣ ತಿರುಗಲು ಒಂದು ಹಂಗಾಮು ಬೇಕು. ಬಿಳಿ ಜಾತಿ ಯಾವ ಮಣ್ಣಿನಲ್ಲೂ ಬಿಳಿಯೇ.

ನನ್ನನ್ನು ಕೇಳಿದರೆ ನೀಲಿಯನ್ನೇ ಇಟ್ಟುಕೊಳ್ಳಿ. ಬಯಲುಸೀಮೆಯ ಜನ ಆ ನೀಲಿಗಾಗಿ ಪಟಿಕ ಕರಗಿಸಿ ಹಾಕುತ್ತಾರೆ, ನಿಮಗೆ ಮಳೆಯೇ ಮಾಡಿಕೊಟ್ಟಿದೆ. ಒಂದೇ ಎಚ್ಚರ: ಈ ಜಾತಿ ಸಾಮಾನ್ಯವಾಗಿ ಹೂ ಕಟ್ಟುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಹೂ ಬಾಡಿದ ಕೂಡಲೇ ಸವರಿ. ಚಳಿಗಾಲದಲ್ಲಿ ಚೊಕ್ಕ ಮಾಡುತ್ತೇನೆಂದು ಕತ್ತರಿ ಹಿಡಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ಕಲಬುರಗಿಯೊಳಗ ಹೊಸಾ ಮನಿ ಕಟ್ಟೀವಿ. ಮುಂದ ಎರೆಮಣ್ಣು, ಬೋರಿನ ನೀರು ಉಪ್ಪುಪ್ಪು. ದಿನಾ ಬಿಸಲು. ನರ್ಸರಿಯಿಂದ ತಂದ ಪಿಟೂನಿಯಾ, ಆಂಥೂರಿಯಂ ಎಲ್ಲಾ ಮೇ ತಿಂಗಳದಾಗ ಸುಟ್ಟು ಹೋದುವ್ರಿ. ಯಾವ ಹೂವಿನ ಗಿಡ ಹಚ್ಚೂಣು?

ಮೇ ತಿಂಗಳಿನಲ್ಲಿ 42, 43 ಡಿಗ್ರಿ ಏರುವ ಊರಿಗೆ ಆಂಥೂರಿಯಂ ಮಾರಿದವರ ಧೈರ್ಯ ದೊಡ್ಡದು. ಮಳೆಕಾಡಿನ ಮರದ ನೆರಳಿನ ಗಿಡ ಅದು. ಪಿಟೂನಿಯಾ ನಿಮ್ಮಲ್ಲಿ ಆಗುತ್ತದೆ, ಆದರೆ ದಸರಾ ಕಳೆದು ನೆಟ್ಟು ಶಿವರಾತ್ರಿಯವರೆಗೆ ನೋಡಿ ಬಿಟ್ಟುಬಿಡಬೇಕು.

ನಿಮ್ಮ ಅಂಗಳಕ್ಕೆ ಅರಸಿಯಾಗುವುದು ಬೋಗನ್‌ವಿಲ್ಲಾ. ಬಿಸಿಲು ಬೇಕು, ನೀರು ಕಡಿಮೆ ಬೇಕು. ಹೂ ಎಂದು ನಾವು ನೋಡುವ ಬಣ್ಣವೆಲ್ಲ ಅದರ ಎಲೆಯೇ, ನಿಜವಾದ ಹೂ ನಡುವಿನ ಬೆಳ್ಳನೆಯ ಪುಟ್ಟ ಕೊಳವೆ. ಆ ಬಣ್ಣದೆಲೆ ಬರಬೇಕಾದರೆ ಗಿಡಕ್ಕೆ ಸ್ವಲ್ಪ ಬಾಯಾರಿಕೆಯಾಗಬೇಕು. ದಿನಾ ನೀರು ಹಾಕುವ ಮನೆಯಲ್ಲಿ ಅದು ಬರೀ ಹಸಿರು ಬಳ್ಳಿ. ನೆಲ ಒಣಗಿ ಎಲೆ ತುಸು ಜೋತು ಬಿದ್ದ ಮೇಲೇ ನೀರು ಕೊಡಿ. ಅದರ ಜೊತೆಗೆ ಗುಂಡು ಮಲ್ಲಿಗೆ, ದೇವಕಣಗಿಲೆ, ಸದಾಪುಷ್ಪ, ಕೋಳಿಜುಟ್ಟು, ಕುಂಡದ ಅಂಚಿಗೆ ಟೇಬಲ್ ರೋಸ್. ಮಲ್ಲಿಗೆಗೆ ಮಾತ್ರ ಕುಡಿಯುವ ನೀರಿನ ಪಾಲು ಕೊಡಬೇಕಾಗುತ್ತದೆ, ಉಪ್ಪುನೀರು ಅದಕ್ಕೆ ಸೇರುವುದಿಲ್ಲ. ದೇವಕಣಗಿಲೆಯಲ್ಲದ ಸಾದಾ ಕಣಗಿಲೆ ಉಪ್ಪುನೀರಿಗೂ ಜಗ್ಗುವುದಿಲ್ಲ, ಆದರೆ ಅದರ ಬೇರಿಂದ ಹೂವಿನ ತನಕ ವಿಷ. ಮನೆಯಲ್ಲಿ ಕೂಸು ಇದ್ದರೆ, ಬೀದಿ ದನ ಗೇಟಿನೊಳಗೆ ಬಾಯಿ ಹಾಕುವಂತಿದ್ದರೆ ಅದನ್ನು ಹಚ್ಚಬೇಡಿ.

ಎರೆಮಣ್ಣು ಮಳೆಗೆ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಗೆ ಬಿರಿದು ಬೇರು ಹರಿಯುತ್ತದೆ. ಗುಂಡಿ ತೋಡಿ ಅದೇ ಮಣ್ಣು ತುಂಬಿದರೆ ನೀರಿನ ಹೌದದಲ್ಲಿ ಗಿಡ ನೆಟ್ಟಂತೆ. ಗರಸು ಮತ್ತು ಗೊಬ್ಬರ ಕಲಸಿ ನೆಲದಿಂದ ಮೊಳದೆತ್ತರ ದಿಬ್ಬ ಏರಿಸಿ ಅದರ ಮೇಲೆ ನೆಡಿ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದು ಕಂಡರೆ ಮಳೆಗಾಲದಲ್ಲಿ ಕುಂಡಗಳನ್ನು ಬಯಲಿಗಿಡಿ, ಮಳೆನೀರು ಹರಿದು ಉಪ್ಪು ತೊಳೆದುಹೋಗಲಿ. ನಾಲ್ಕು ಮಳೆ ಬಿದ್ದು ನೆಲ ನೆನೆದ ಮೇಲೆ, ಜುಲೈನಲ್ಲಿ ನೆಡಿ. ಬೇಸಿಗೆ ಬರುವ ಹೊತ್ತಿಗೆ ಬೇರು ಕೆಳಗಿಳಿದಿರುತ್ತದೆ.

ಅಡೇನಿಯಂ ಒಂದು ಕುಂಡ ಇಟ್ಟುಕೊಳ್ಳಿ. ಬುಡ ದಪ್ಪಗೆ ಗಣಪತಿ ಹೊಟ್ಟೆಯಂತೆ ಬೆಳೆಯುವ ಗಿಡ. ನಮ್ಮೂರಿನ ಮಳೆಗೆ ಅದು ಎಂಟು ದಿನದಲ್ಲಿ ಕೊಳೆಯುತ್ತದೆ, ನಿಮ್ಮಲ್ಲಿ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ಈ ವಿಷಯದಲ್ಲಿ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿದೆ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಕಸಿ ಗುಲಾಬಿ ಮೊದಲ ವರ್ಷ ದೊಡ್ಡ ಕೆಂಪು ಹೂ ಬಿಟ್ಟಿತು. ಈಗ ಬಾರುಕೋಲಿನಂಥ ಉದ್ದುದ್ದ ಕಡ್ಡಿ ಮಾತ್ರ, ಹೂವಿಲ್ಲ. ಕತ್ತರಿಸಬೇಕೇ? ಯಾವಾಗ?

ಬುಡಕ್ಕೆ ಬಗ್ಗಿ ನೋಡಿ. ಕಸಿ ಕಟ್ಟಿದ ಗಂಟು ಉಬ್ಬಿಕೊಂಡು ಕಾಣುತ್ತದೆ. ಆ ಉದ್ದ ಕಡ್ಡಿಗಳು ಗಂಟಿನ ಕೆಳಗಿನಿಂದ ಎದ್ದಿದ್ದರೆ ಅವು ನಿಮ್ಮ ಗುಲಾಬಿಯಲ್ಲ, ಕೆಳಗಿನ ಕಾಡು ಬೇರಿನವು. ಎಲೆಯ ಆಕಾರ, ಮುಳ್ಳು ಎರಡೂ ಬೇರೆ ಇರುತ್ತವೆ, ಹೋಲಿಸಿದರೆ ತಿಳಿಯುತ್ತದೆ. ಕತ್ತರಿಯಿಂದ ಮೇಲೆ ಮೇಲೆ ಕತ್ತರಿಸಿದರೆ ಒಂದಕ್ಕೆ ಮೂರು ಬರುತ್ತವೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಸೀಳಿ ಕಿತ್ತುಹಾಕಿ. ಗಂಟಿನ ಮೇಲೆ ಒಂದು ಜೀವಂತ ಕಡ್ಡಿಯಾದರೂ ಉಳಿದಿದ್ದರೆ ಗಿಡ ಉಳಿಯಿತು. ಉಳಿದಿಲ್ಲದಿದ್ದರೆ ಹೊಸದು ತನ್ನಿ. ನೆಡುವಾಗ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ.

ಸವರುವುದು ಈಗ ಬೇಡ. ಮಳೆಯಲ್ಲಿ ಗಾಯ ಮಾಡಿದರೆ ತುದಿಯಿಂದ ಕಪ್ಪಗೆ ಒಣಗುತ್ತ ಕೆಳಗಿಳಿಯುವ ರೋಗ ಹಿಡಿಯುತ್ತದೆ. ಮೈಸೂರಿನಲ್ಲಿ ಹಸ್ತ, ಚಿತ್ತಾ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಮೂರನೇ ವಾರದ ಸುಮಾರಿಗೆ ಸವರಿ. ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ, ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ. ಅಲ್ಲಿಂದ ಸುಮಾರು 45 ದಿನಕ್ಕೆ ಹೂ. ಮಲೆನಾಡಿನವರು ಇನ್ನೂ ಹದಿನೈದು ದಿನ ಕಾಯುವುದು ಒಳ್ಳೆಯದು.

ಪ್ರಶ್ನೆ: ಅಜ್ಜಿ, ನಾನು ಹಾವೇರಿ ಜಿಲ್ಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದೇನೆ. ಆಯುಧಪೂಜೆಗೆ ನಮ್ಮದೇ ಚೆಂಡುಹೂ ಬೇಕು. ಯಾವಾಗ ಬೀಜ ಹಾಕಲಿ?

ಕ್ಯಾಲೆಂಡರ್ ತೆಗೆದುಕೊಂಡು ಆಯುಧಪೂಜೆಯಿಂದ 90 ದಿನ ಹಿಂದಕ್ಕೆ ಎಣಿಸು ಮಗಾ, ಆ ದಿನ ಬೀಜ ಹಾಕು. ಮಡಿಯಲ್ಲಿ 25 ದಿನ, ಆಮೇಲೆ ಕಿತ್ತು ಒಂದೂವರೆ ಅಡಿಗೊಂದು ನೆಡು. ನೆಟ್ಟು ಸುಮಾರು ಎರಡು ತಿಂಗಳಿಗೆ ಹೂ. ನೆಟ್ಟ ತಿಂಗಳಿಗೆ ತುದಿ ಚಿವುಟಿದರೆ ಹೂ ಹೆಚ್ಚು ಬರುತ್ತದೆ, ಆದರೆ ಕೆಲವು ದಿನ ತಡವಾಗುತ್ತದೆ. ಚಿವುಟುವುದಾದರೆ ಬೀಜವನ್ನು ಒಂದು ವಾರ ಮೊದಲೇ ಹಾಕು. ಅಂಗಡಿಯ ಹೈಬ್ರಿಡ್ ಹೂವಿನಿಂದ ಬೀಜ ತೆಗೆದರೆ ಮಕ್ಕಳು ತಾಯಿಯ ಹಾಗೆ ಬರುವುದಿಲ್ಲ. ನಿಮ್ಮ ಅಜ್ಜಿಯ ಹಿತ್ತಲಿನ ನಾಟಿ ಚೆಂಡುಹೂವಿನ ಬೀಜವಾದರೆ ಚಿಂತೆಯಿಲ್ಲ.

ಪ್ರಶ್ನೆ: ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಮನಸೋತು ಸಾಲ್ವಿಯಾ, ಫ್ಲಾಕ್ಸ್, ಡಯಾಂಥಸ್ ಕುಂಡಗಳನ್ನು ಕೊಂಡೆ. ಏಪ್ರಿಲಿಗೆ ಎಲ್ಲವೂ ಸತ್ತವು. ನನ್ನ ಕೈಗುಣವೇ ಸರಿಯಿಲ್ಲವೇ?

ಕೈಗುಣದ ಮಾತಿಲ್ಲ. ಅವು ಚಳಿಗಾಲಕ್ಕೆಂದೇ ಬೆಳೆಸುವ ಗಿಡಗಳು, ತಮ್ಮ ಕೆಲಸ ಮುಗಿಸಿ ಹೋದವು. ಜನವರಿ 26ರ ವಾರಕ್ಕೆ ತುಂಬಿ ಅರಳಿರಬೇಕು ಎಂದು ತಿಂಗಳುಗಳ ಮೊದಲೇ ಲೆಕ್ಕ ಹಾಕಿ ಬೆಳೆಸಿದವು. ನೀವು ಕೊಂಡಾಗಲೇ ಅವುಗಳ ಆಯುಸ್ಸು ಅರ್ಧ ಕಳೆದಿತ್ತು. ಸೆಪ್ಟೆಂಬರ್ ಕೊನೆಗೆ ನೀವೇ ಬೀಜ ಹಾಕಿದರೆ ಪೂರ್ತಿ ಹಂಗಾಮು ನಿಮ್ಮದು. ಬೀಜದಿಂದ ಆಗುವ ಚೈನಾ ಆಸ್ಟರ್ ಕೂಡ ಆಗಲೇ ಹಾಕಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ಬಯಲುಸೀಮೆಗೆ ಹೇಳಿ ಮಾಡಿಸಿದಂಥವು.

ವರ್ಷವಿಡೀ ಏನಾದರೊಂದು ಅರಳಿರಬೇಕು ಎಂಬ ಆಸೆ ಇದ್ದರೆ ಒಂದೇ ಹಂಗಾಮಿನ ಗಿಡಗಳನ್ನು ಗುಡ್ಡೆ ಹಾಕಿಕೊಳ್ಳಬಾರದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್ ಇಡೀ ಊರಿನ ಮರಗಳನ್ನೇ ಈ ಲೆಕ್ಕದಲ್ಲಿ ಆರಿಸಿದ್ದರು, ಒಂದು ಮರ ಉದುರಿಸುವಾಗ ಇನ್ನೊಂದು ಅರಳುವ ಹಾಗೆ. ಮಾರ್ಚಿನ ಹೊತ್ತಿಗೆ ಜಕರಂಡ, ಅದರ ಹಿಂದೆಯೇ ಗುಲ್‌ಮೊಹರ್. ನಿಮ್ಮ ಬಾಲ್ಕನಿಗೆ ಚಳಿಗೆ ಫ್ಲಾಕ್ಸ್, ಬೇಸಿಗೆಗೆ ಗುಂಡು ಮಲ್ಲಿಗೆ, ಮಳೆಗೆ ಕರ್ಣಕುಂಡಲ, ಹಬ್ಬಕ್ಕೆ ಸೇವಂತಿಗೆ, ನಡುವೆ ಯಾವಾಗಲೂ ಇರುವ ದಾಸವಾಳ. ಐದು ಕುಂಡ ಸಾಕಲ್ಲ.

ಪ್ರಶ್ನೆ: ದಾಸವಾಳದ ತುದಿಯಲ್ಲಿ ಬಿಳಿ ಹತ್ತಿಯಂಥ ಹುಳು. ಮೈಗೆಲ್ಲ ಇರುವೆ. ಮಂಗಳೂರು.

ಹಿಟ್ಟು ತಿಗಣೆ. ಇರುವೆ ಅದರ ಸಿಹಿ ಅಂಟಿಗೆ ಬರುವುದು, ಅದನ್ನು ಕಾಯುವುದೂ ಹರಡುವುದೂ ಇರುವೆಯೇ. ಮುತ್ತಿದ ತುದಿಗಳನ್ನು ಕತ್ತರಿಸಿ ಸುಡಿ. ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಹೊಡೆದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕದಡಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಮಳೆ ಬಂದು ತೊಳೆದರೆ ಮತ್ತೆ.

ಪ್ರಶ್ನೆ: ಪುತ್ತೂರಿನಲ್ಲಿ ಮನೆ ಹಿಂದಿನ ಧರೆ ಕುಸಿಯದಂತೆ ಹಳದಿ ಹೂವಿನ ನೆಲಹಾಸು ಬಳ್ಳಿ ಹಾಕಿ ಎಂದು ಒಬ್ಬರು ಹೇಳಿದರು. ಸಿಂಗಪುರ ಡೈಸಿಯಂತೆ. ಹಾಕಲೇ?

ಬೇಡ. ಹಾಕಿದ ವರ್ಷ ಚೆಂದ, ಮೂರನೇ ವರ್ಷ ನಿಮ್ಮ ತೋಟ, ಪಕ್ಕದವರ ತೋಟ, ತೋಡಿನ ಎರಡೂ ದಂಡೆ ಎಲ್ಲ ಅದರದೇ. ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ, ಕಿತ್ತು ಬಿಸಾಕಿದ ಚೂರೂ ಬದುಕುತ್ತದೆ. ಲಂಟಾನವನ್ನೂ ಹೂವಿನ ಚೆಂದಕ್ಕೇ ಈ ದೇಶಕ್ಕೆ ತಂದದ್ದು, ಬಂಡೀಪುರದ ಕಾಡಿಗೆ ಹೋಗಿ ನೋಡಿ ಈಗ ಅದರ ಗತ್ತು. ಧರೆಗೆ ಲಾವಂಚ ಹಾಕಿ, ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಹೂವೂ ಬೇಕೆಂದರೆ ಧರೆಯ ನೆತ್ತಿಯಲ್ಲಿ ಕೇಪಳದ ಸಾಲು ಹಚ್ಚಿ.

ಪ್ರಶ್ನೆ: ಯಲ್ಲಾಪುರದ ಕಡೆ ರಸ್ತೆ ಅಗಲ ಮಾಡಲು ಮರ ಕಡಿದಿದ್ದಾರೆ. ಬಿದ್ದ ಕೊಂಬೆಗಳಲ್ಲಿ ಸೀತಾಳೆದಂಡೆ ಆರ್ಕಿಡ್ ಇದೆ, ಕೆಲವು ಒಣಗುತ್ತಿವೆ. ಮನೆಗೆ ತಂದರೆ ಬದುಕುತ್ತದೆಯೇ? ಕುಂಡಕ್ಕೆ ಯಾವ ಮಣ್ಣು?

ನಿಂತ ಮರದಿಂದ ಕಿತ್ತು ತರುತ್ತೇನೆ ಎಂದಿದ್ದರೆ ನಿಮ್ಮ ಪತ್ರವನ್ನು ಪಕ್ಕಕ್ಕಿಡುತ್ತಿದ್ದೆ. ಬಿದ್ದ ಕೊಂಬೆಯದಾದರೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಒಂದು ಮಾತು ಹೇಳಿ, ಒಪ್ಪಿದರೆ ಇವತ್ತೇ ತನ್ನಿ, ಬಿಸಿಲಿಗೆ ಬಿಟ್ಟಷ್ಟೂ ಬೇರು ಸಾಯುತ್ತದೆ. ಮಣ್ಣು ಬೇಡವೇ ಬೇಡ. ಅದು ಮರದ ಮೇಲೆ ಗಾಳಿಯಲ್ಲಿ ಬೇರು ಬಿಟ್ಟು ಬದುಕುವ ಗಿಡ, ಹೂತರೆ ಕೊಳೆಯುತ್ತದೆ. ಆದಷ್ಟು ತೊಗಟೆ ಸಮೇತ ಕೊಂಬೆಯ ತುಂಡನ್ನೇ ಕುಯ್ದು ತಂದು, ಅಂಗಳದ ಮಾವಿಗೋ ಹಲಸಿಗೋ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಪೇರಲೆ ಮರಕ್ಕೆ ಕಟ್ಟಬೇಡಿ, ಅದು ತೊಗಟೆ ಕಳಚುವಾಗ ಇದನ್ನೂ ಕಳಚಿ ಬೀಳಿಸುತ್ತದೆ. ಬೆಳಗಿನ ಬಿಸಿಲು ಸೋಸಿ ಬೀಳುವ ಪೂರ್ವದ ಮಗ್ಗುಲು ಆರಿಸಿಕೊಳ್ಳಿ, ಎದೆಮಟ್ಟಕ್ಕಿಂತ ಮೇಲೆ, ದನ ನೆಕ್ಕದಷ್ಟು ಎತ್ತರಕ್ಕೆ.

ಈ ಮಳೆಗಾಲ ಪೂರ್ತಿ ನೀವು ಏನೂ ಮಾಡಬೇಕಿಲ್ಲ. ಹೊಸ ಬೇರಿನ ತುದಿ ಹಸಿರಾಗಿ ತೊಗಟೆಗೆ ಅಂಟಿಕೊಂಡಿತೆಂದರೆ ಹಿಡಿಯಿತು, ಹಗ್ಗ ತಾನಾಗಿ ಲಡ್ಡಾಗಿ ಬೀಳಲಿ. ಮಾರ್ಚ್ ಏಪ್ರಿಲಿನಲ್ಲಿ ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿ. ಮುಂದಿನ ಮಳೆಗಾಲ ಹಿಡಿಯುವ ಹೊತ್ತಿಗೆ ದಂಡೆ ಇಳಿಬಿಟ್ಟರೂ ಬಿಟ್ಟೀತು, ಜಾಗ ಬದಲಾದ ಸಿಟ್ಟಿಗೆ ಒಂದು ವರ್ಷ ಸುಮ್ಮನಿದ್ದರೂ ಇದ್ದೀತು. ಎಲೆ ಗಟ್ಟಿಯಾಗಿದ್ದರೆ ಕಾಯಿರಿ.